ಹಳೆಯ ಪುಸ್ತಕ ಕಪಾಟಿನಲ್ಲೇ ಇರುವಾಗ ಹೊಸ ಆವೃತ್ತಿ ಮಾರುವುದು ಹೇಗೆ?

ಟೇಬಲ್‌ಟಾಪ್ ಆಟ, ಅಂದರೆ ಮೇಜಿನ ಸುತ್ತ ಕೂತು ಆಡುವ ಆಟ, ಸುಲಭಕ್ಕೆ ಹಾಳಾಗುವುದಿಲ್ಲ. ಫೋನ್ ಆದರೆ ಕೆಲವು ವರ್ಷಕ್ಕೆ ಬ್ಯಾಟರಿ ಸೋಲುತ್ತದೆ, ಆ್ಯಪ್‌ಗಳು ತೆರೆಯುವುದಿಲ್ಲ, ಬೇಕೋ ಬೇಡವೋ ಹೊಸದು ಕೊಳ್ಳುತ್ತೇವೆ. ಆದರೆ 1978ರಲ್ಲಿ ಬಂದ ‘ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಪ್ಲೇಯರ್ಸ್ ಹ್ಯಾಂಡ್‌ಬುಕ್ ಮತ್ತು ಅದರ ಜೊತೆಯ ಪುಸ್ತಕಗಳು ಕೈಯಲ್ಲಿದ್ದರೆ ಇವತ್ತು ಸಂಜೆಯೂ ಆಟ ಶುರು ಮಾಡಬಹುದು. ದಾಳ, ಪೆನ್ಸಿಲ್, ಕಾಗದ, ನಾಲ್ಕು ಜನ ಸಾಕು. ಒಬ್ಬರು ಕಥೆ ಹೇಳುತ್ತಾ ಆಟ ನಡೆಸುತ್ತಾರೆ, ಉಳಿದವರು ಅದರಲ್ಲಿ ಒಂದೊಂದು ಪಾತ್ರವಾಗಿ ಆಡುತ್ತಾರೆ. ಅದಾದ ಮೇಲೆ ಎಷ್ಟು ಆವೃತ್ತಿಗಳು ಬಂದು ಹೋದರೂ ಆ ಪುಸ್ತಕದ ಒಂದು ಪುಟವೂ ಕೆಲಸ ನಿಲ್ಲಿಸಿಲ್ಲ.

ಹೀಗಾಗಿ ಹೊಸ ಆವೃತ್ತಿ ತರುವ ಕಂಪನಿಗೆ ಎದುರಾಳಿ ಅದೇ ಕಂಪನಿ ಹಿಂದೆ ಮಾರಿದ ಆವೃತ್ತಿ. ಅದು ಆಗಲೇ ಜನರ ಮನೆಯಲ್ಲಿದೆ. ದುಡ್ಡು ಕೊಟ್ಟಾಗಿದೆ. ನಿಯಮಗಳು ಬಾಯಿಪಾಠ ಆಗಿವೆ. ಅದರ ಮೇಲೆ ವರ್ಷಗಟ್ಟಲೆ ಕಟ್ಟಿದ ಕಥೆ, ಪಾತ್ರ, ಬಣ್ಣ ಬಳಿದ ಸೈನ್ಯ ಎಲ್ಲ ಇದೆ.

ಇನ್ನೊಂದು ತೊಡಕೂ ಇದೆ. ಹೊಸದಕ್ಕೆ ಹೋಗುವ ನಿರ್ಧಾರ ಒಬ್ಬರ ಕೈಯಲ್ಲಿ ಇರುವುದಿಲ್ಲ. ಐದು ಜನ ಸೇರಿ ಆಡುವ ಗುಂಪಿನಲ್ಲಿ ನಾಲ್ಕು ಜನಕ್ಕೆ ಹೊಸದು ಇಷ್ಟವಾಗಿ, ಆಟ ನಡೆಸುವವರಿಗೆ ಬೇಡ ಅನಿಸಿದರೆ ಮುಗಿಯಿತು, ಆ ಮೇಜಿನಲ್ಲಿ ಹಳೆಯದೇ ನಡೆಯುತ್ತದೆ. ಉಲ್ಟಾ ಕೂಡ ನಿಜ. ಆಟ ನಡೆಸುವವರು ಹೊಸದಕ್ಕೆ ಹೋದರೆ ಇಡೀ ಗುಂಪು ಅವರ ಹಿಂದೆ ಬರುತ್ತದೆ. ಕಂಪನಿ ಒಲಿಸಬೇಕಾಗಿರುವುದು ಆ ಇಡೀ ಗುಂಪನ್ನು.

ಈ ಹಿನ್ನೆಲೆಯಲ್ಲಿ ನೋಡಿದರೆ ಹೊಸ ಆವೃತ್ತಿಯ ಪ್ರಚಾರದಲ್ಲಿ ಕಂಪನಿಗಳು ಪದೇ ಪದೇ ಮಾಡುವ ತಪ್ಪು ಕಣ್ಣಿಗೆ ಬೀಳುತ್ತದೆ. ಹೊಸದರಲ್ಲಿ ಏನೆಲ್ಲ ಇದೆ ಎಂದು ತೋರಿಸುವುದರಲ್ಲೇ ಅವು ಮುಳುಗಿಬಿಡುತ್ತವೆ. ಆಟಗಾರರ ಮೊದಲ ಪ್ರಶ್ನೆ ಅದಲ್ಲ. ‘ನನ್ನ ಹತ್ತಿರ ಈಗ ಇರುವುದಕ್ಕೆ ಏನಾಗುತ್ತದೆ?’ ಎಂಬುದು ಅವರ ಮೊದಲ ಪ್ರಶ್ನೆ. ಇದಕ್ಕೆ ನೇರವಾದ, ನಂಬುವಂಥ ಉತ್ತರ ಸಿಕ್ಕಿದ ಕಡೆ ಬದಲಾವಣೆ ಸಲೀಸಾಗಿ ಆಗಿದೆ. ಸಿಗದ ಕಡೆ ಒಳ್ಳೆಯ ಆಟಗಳೂ ಏಟು ತಿಂದಿವೆ.

ಅಷ್ಟಕ್ಕೂ ಹೊಸ ಆವೃತ್ತಿ ಯಾಕೆ ಬೇಕು? ‘ದುಡ್ಡಿಗೆ’ ಎಂದು ಆಟಗಾರರು ಹೇಳುತ್ತಾರೆ. ಅದು ಸುಳ್ಳಲ್ಲ. ಯಾವುದೇ ಆಟದಲ್ಲಿ ಜಾಸ್ತಿ ಮಾರುವುದು ಮೂಲ ನಿಯಮ ಪುಸ್ತಕ. ಅದರ ನಂತರ ಬರುವ ಒಂದೊಂದು ಪುಸ್ತಕವನ್ನೂ ಕೊಳ್ಳುವವರು ಕಡಿಮೆಯಾಗುತ್ತಾ ಹೋಗುತ್ತಾರೆ. ಒಂದು ಹಂತದಲ್ಲಿ ಹೊಸ ಪುಸ್ತಕ ತಂದರೂ ಲಾಭ ಹುಟ್ಟುವುದಿಲ್ಲ. ಆದರೆ ಅಷ್ಟೇ ಕಾರಣ ಅಲ್ಲ. ವರ್ಷಗಳು ಕಳೆದಂತೆ ತಿದ್ದುಪಡಿ, ಹೆಚ್ಚುವರಿ ನಿಯಮ, ಒಂದಕ್ಕೊಂದು ಹೊಂದದ ಸಾಮರ್ಥ್ಯಗಳು ರಾಶಿ ಬೀಳುತ್ತವೆ. ಹೊಸದಾಗಿ ಆಟಕ್ಕೆ ಬರುವವರು ಯಾವ ಪುಸ್ತಕದಿಂದ ಶುರು ಮಾಡಬೇಕು ಎಂದು ತಿಳಿಯದೆ ವಾಪಸ್ ಹೋಗುತ್ತಾರೆ. ಆಟ ಬದುಕಬೇಕಾದರೆ ಹೊಸಬರು ಬರಲೇಬೇಕು. ಎರಡೂ ಕಾರಣವನ್ನು ಕಂಪನಿ ಬಾಯಿಬಿಟ್ಟು ಹೇಳಿದರೆ ಜನ ಒಪ್ಪಿಕೊಳ್ಳುತ್ತಾರೆ ಎಂದು ನನಗೆ ಅನಿಸುತ್ತದೆ. ಮುಚ್ಚಿಟ್ಟಾಗಲೇ ಅನುಮಾನ ಬೆಳೆಯುವುದು.

ನಾಲ್ಕನೇ ಆವೃತ್ತಿಯ ಕಥೆ

ಈ ವಿಷಯದಲ್ಲಿ ಎಲ್ಲರೂ ಓದಬೇಕಾದ ಪಾಠ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಾಲ್ಕನೇ ಆವೃತ್ತಿಯದು. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಈ ಆಟ ಹುಟ್ಟಿದ್ದು 1974ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕೈಯಲ್ಲಿ. ಅದನ್ನು ಪ್ರಕಟಿಸುತ್ತಿದ್ದ ಟಿಎಸ್‌ಆರ್ ಕಂಪನಿ ಸೋತು, 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಅದನ್ನು ಕೊಂಡುಕೊಂಡಿತು. 2000ದಲ್ಲಿ ಮೂರನೇ ಆವೃತ್ತಿ ಬಂತು. ನಿಯಮಗಳು ಬಹಳ ಬದಲಾಗಿದ್ದವು. ಆದರೂ ಆ ಬದಲಾವಣೆ ಚೆನ್ನಾಗಿ ನಡೆಯಿತು. ಎರಡನೇ ಆವೃತ್ತಿಯ ಪಾತ್ರಗಳನ್ನು ಮೂರನೆಯದಕ್ಕೆ ಹೇಗೆ ಬದಲಿಸಿಕೊಳ್ಳಬೇಕು ಎನ್ನುವ ಕಿರುಪುಸ್ತಕವನ್ನು ಕಂಪನಿ ಉಚಿತವಾಗಿ ಹಂಚಿತು. ಕಂಪನಿಯ ರಯಾನ್ ಡ್ಯಾನ್ಸಿ ಮುಂದಾಳತ್ವದಲ್ಲಿ ಓಪನ್ ಗೇಮ್ ಲೈಸೆನ್ಸ್ ಬಂತು. ಆಟದ ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ತಮ್ಮ ಪುಸ್ತಕ ಮಾಡಿ ಮಾರಬಹುದು ಎಂದಾಯಿತು. ನೂರಾರು ಸಣ್ಣ ಪ್ರಕಾಶಕರು ತಮ್ಮ ದುಡ್ಡಿನಲ್ಲಿ, ತಮ್ಮ ಶ್ರಮದಲ್ಲಿ ಹೊಸ ಆವೃತ್ತಿಯನ್ನು ಊರೆಲ್ಲ ಹರಡಿದರು. ಯಾವ ಜಾಹೀರಾತಿಗೂ ಆ ಶಕ್ತಿ ಇರಲಿಲ್ಲ.

ಮೂರೇ ವರ್ಷಕ್ಕೆ, 2003ರಲ್ಲಿ, 3.5 ಎಂಬ ತಿದ್ದಿದ ಆವೃತ್ತಿ ಬಂದಾಗ ಮೊದಲ ಗೊಣಗಾಟ ಶುರುವಾಯಿತು. ಬದಲಾವಣೆ ಸಣ್ಣದು, ಆದರೆ ಹಳೆಯ ಪುಸ್ತಕದ ಜೊತೆ ಪೂರ್ತಿ ಹೊಂದುವುದಿಲ್ಲ. ಅಂಗಡಿಗಳಲ್ಲಿ 3.0ಗೆಂದು, ಅಂದರೆ 2000ದ ಮೂರನೇ ಆವೃತ್ತಿಗೆಂದು, ಬೇರೆ ಪ್ರಕಾಶಕರು ಮಾಡಿದ್ದ ಪುಸ್ತಕಗಳು ಹಾಗೇ ಉಳಿದವು.

2007ರ ಆಗಸ್ಟ್‌ನಲ್ಲಿ, ಜೆನ್ ಕಾನ್ ಸಮ್ಮೇಳನದಲ್ಲಿ, ನಾಲ್ಕನೇ ಆವೃತ್ತಿ ಘೋಷಣೆಯಾಯಿತು. ಆಗ ತೋರಿಸಿದ ವಿಡಿಯೊದಲ್ಲಿ ಹಿಂದಿನ ಆವೃತ್ತಿಗಳನ್ನು ಆಡಿಕೊಳ್ಳಲಾಗಿತ್ತು. ಹಳೆಯ ನಿಯಮಗಳು ಎಷ್ಟು ಗೋಜಲು, ಅದರಲ್ಲೂ ಕುಸ್ತಿ ಹಿಡಿಯುವ ನಿಯಮ ಎಷ್ಟು ಕಷ್ಟ ಎಂದು ನಗಿಸುವ ಪ್ರಯತ್ನ. ಸಭೆಯಲ್ಲಿ ನಗುವವರು ನಕ್ಕಿರಬಹುದು. ಆದರೆ ಆ ವಿಡಿಯೊ ನೋಡಿದವರಲ್ಲಿ ಹೆಚ್ಚಿನವರು ಆ ಹೊತ್ತಿಗೂ ಅದೇ ನಿಯಮದಲ್ಲಿ ಆಡುತ್ತಿದ್ದವರು. ಹಿಂದಿನ ವಾರವೂ ಅದೇ ಪುಸ್ತಕ ತೆರೆದು ಕೂತವರು. ನೀವು ಇಷ್ಟು ವರ್ಷ ಪ್ರೀತಿಸಿದ್ದು ಕೆಟ್ಟದ್ದು ಎಂದು ಅದನ್ನು ಮಾರಿದ ಕಂಪನಿಯೇ ಹೇಳಿದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ? ಅದಕ್ಕಿಂತ ದೊಡ್ಡ ವಿಷಯ ಏನೆಂದರೆ, ಇವತ್ತು ಹೊಗಳುತ್ತಿರುವ ಹೊಸದನ್ನೂ ಮುಂದೊಂದು ದಿನ ಇವರೇ ಹೀಗೆ ತೆಗಳುತ್ತಾರೆ ಎಂದು ಕೇಳುವವರಿಗೆ ಹೊಳೆದುಬಿಡುತ್ತದೆ.

ಪ್ರಚಾರದ ಧಾಟಿ ಒಂದೇ ಆಗಿದ್ದರೆ ಜನ ಮರೆಯುತ್ತಿದ್ದರೇನೋ. ಅದರ ಜೊತೆ ಬೇರೆಯವೂ ಸೇರಿಕೊಂಡವು. ಪೈಝೋ ಎಂಬ ಕಂಪನಿ ಲೈಸೆನ್ಸ್ ಪಡೆದು ನಡೆಸುತ್ತಿದ್ದ ‘ಡ್ರ್ಯಾಗನ್’ ಮತ್ತು ‘ಡಂಜನ್’ ಪತ್ರಿಕೆಗಳನ್ನು 2007ರಲ್ಲೇ ವಾಪಸ್ ಪಡೆಯಲಾಯಿತು. ಅಚ್ಚಿನಲ್ಲಿ ಬರುತ್ತಿದ್ದ ಪತ್ರಿಕೆಗಳು ನಿಂತವು. ಹಳೆಯ ಮುಕ್ತ ಲೈಸೆನ್ಸ್ ಜಾಗಕ್ಕೆ ತುಂಬ ಬಿಗಿಯಾದ ಹೊಸ ಲೈಸೆನ್ಸ್ ಬಂತು. ಮೊದಲ ರೂಪದಲ್ಲಿ ಅದರ ಷರತ್ತು ಹೇಗಿತ್ತೆಂದರೆ, ಪ್ರಕಾಶಕರು ತಮ್ಮ ಒಂದು ಪುಸ್ತಕ ಮಾಲೆಯನ್ನು ಹೊಸದಕ್ಕೆ ಬದಲಿಸಿದರೆ ಹಳೆಯ ಲೈಸೆನ್ಸ್‌ನಲ್ಲಿ ಅದೇ ಮಾಲೆಯನ್ನು ಮುಂದುವರಿಸುವಂತಿಲ್ಲ. 2009ರ ಏಪ್ರಿಲ್‌ನಲ್ಲಿ ಪೈರಸಿ ಕಾರಣ ಕೊಟ್ಟು ಪಿಡಿಎಫ್ ಮಾರಾಟವನ್ನೇ ನಿಲ್ಲಿಸಿದರು. ಅಂದರೆ ಹಳೆಯ ಆವೃತ್ತಿಯ ಪುಸ್ತಕವನ್ನು ನ್ಯಾಯವಾಗಿ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಳ್ಳುವ ದಾರಿಯೂ ಮುಚ್ಚಿತು. ಆಟದೊಳಗಿನ ಜಗತ್ತನ್ನೂ ಬಿಡಲಿಲ್ಲ. ‘ಫರ್ಗಾಟನ್ ರೆಲ್ಮ್ಸ್’ ಎಂಬ ಜನಪ್ರಿಯ ಕಾಲ್ಪನಿಕ ಜಗತ್ತನ್ನು ಒಂದು ಮಹಾ ಉತ್ಪಾತಕ್ಕೆ ಒಡ್ಡಿ, ಕಾಲವನ್ನು ಸುಮಾರು ನೂರು ವರ್ಷ ಮುಂದೆ ತಳ್ಳಿದರು. ಆಟಗಾರರ ಪಾತ್ರಗಳಿಗೆ ಪರಿಚಯವಿದ್ದ ಎಷ್ಟೋ ಊರು, ಜನ, ದೇವರು ಹೋದವು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಒಂದೊಂದಕ್ಕೂ ಕಂಪನಿಯ ಬಳಿ ಕಾರಣ ಇತ್ತು. ಆದರೆ ಆಟಗಾರರ ಕಡೆಯಿಂದ ಕಂಡದ್ದು ಒಂದೇ ಸಂದೇಶ: ಹಳೆಯದನ್ನು ಬಿಡಿ, ಇಲ್ಲದಿದ್ದರೆ ನಾವೇ ಬಿಡಿಸುತ್ತೇವೆ.

ಪೈಝೋ ಆಗ ಮಾಡಿದ್ದು ಬಹಳ ಸರಳ ಕೆಲಸ. 3.5ರ ನಿಯಮಗಳು ಮುಕ್ತ ಲೈಸೆನ್ಸ್‌ನಲ್ಲಿ ಇದ್ದೇ ಇದ್ದವು. ಅವನ್ನೇ ಸ್ವಲ್ಪ ತಿದ್ದಿ ‘ಪಾತ್‌ಫೈಂಡರ್’ ಎಂಬ ಆಟ ಮಾಡುತ್ತೇವೆ ಎಂದು 2008ರ ಮಾರ್ಚ್‌ನಲ್ಲಿ ಘೋಷಿಸಿತು. ಕರಡನ್ನು ಉಚಿತವಾಗಿ ಕೊಟ್ಟು ಜನರಿಂದಲೇ ಪರೀಕ್ಷೆ ಮಾಡಿಸಿತು. 2009ರ ಆಗಸ್ಟ್‌ನಲ್ಲಿ ಪುಸ್ತಕ ಬಂತು. ನಿಮ್ಮ ಕಪಾಟಿನಲ್ಲಿರುವ ಪುಸ್ತಕಗಳನ್ನು ಇಟ್ಟುಕೊಂಡೇ ನಮ್ಮ ಆಟ ಆಡಬಹುದು ಎಂಬುದೇ ಅದರ ಪ್ರಚಾರದ ತಿರುಳು. 2011ರ ಹೊತ್ತಿಗೆ, ಅಂಗಡಿ ಮತ್ತು ವಿತರಕರನ್ನು ಕೇಳಿ ತಯಾರಿಸುವ ಐಸಿವಿ2 ಮಾರಾಟ ಪಟ್ಟಿಯಲ್ಲಿ ಪಾತ್‌ಫೈಂಡರ್ ಮೊದಲ ಸ್ಥಾನಕ್ಕೆ ಬಂದಿತ್ತು. ಮೂಲ ಆಟದ ಹಳೆಯ ಆವೃತ್ತಿಯ ಮೇಲೆ ನಿಂತ ಆಟ, ಮೂಲ ಆಟದ ಹೊಸ ಆವೃತ್ತಿಯನ್ನು ಹಿಂದಿಕ್ಕಿತು.

ನಾಲ್ಕನೇ ಆವೃತ್ತಿ ಕೆಟ್ಟ ಆಟ ಆಗಿರಲಿಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಯುದ್ಧದ ಭಾಗದಲ್ಲಿ ಅದು ತುಂಬ ಚೊಕ್ಕವಾಗಿ ಕಟ್ಟಿದ ಆಟ. ಆಟ ನಡೆಸುವವರ ತಯಾರಿಯ ಹೊರೆಯನ್ನು ಅದು ಇಳಿಸಿತು. ಅದರ ಗುಣಗಳನ್ನು ಜನ ಸಮಾಧಾನದಿಂದ ನೋಡುವ ಅವಕಾಶವನ್ನೇ ಅದರ ಪ್ರಚಾರ ಕಿತ್ತುಕೊಂಡಿತು ಎನ್ನುವುದು ನನ್ನ ಬೇಸರ.

ಐದನೆಯದು ಬಂದ ರೀತಿ

2012ರ ಜನವರಿಯಲ್ಲಿ ಐದನೇ ಆವೃತ್ತಿಯ ಕೆಲಸ ಶುರುವಾಗಿದೆ ಎಂದು ಘೋಷಣೆಯಾಯಿತು. ಆಗಿನ್ನೂ ಅದಕ್ಕೆ ‘ಡಿ ಅಂಡ್ ಡಿ ನೆಕ್ಸ್ಟ್’ ಎಂಬ ತಾತ್ಕಾಲಿಕ ಹೆಸರು (ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಗಿಡ್ಡ ರೂಪವೇ ಡಿ ಅಂಡ್ ಡಿ). ಮೇ ತಿಂಗಳಲ್ಲಿ ಎಲ್ಲರಿಗೂ ತೆರೆದ ಪ್ಲೇಟೆಸ್ಟ್ ಆರಂಭ. ಕರಡು ನಿಯಮಗಳನ್ನು ಡೌನ್‌ಲೋಡ್ ಮಾಡಿ, ಆಡಿ, ಅಭಿಪ್ರಾಯ ಬರೆದು ಕಳಿಸುವುದು. ಸುಮಾರು 1,75,000 ಜನ ಇದರಲ್ಲಿ ಸೇರಿಕೊಂಡರು ಎಂದು ಕಂಪನಿ ಹೇಳಿತು.

ಪ್ಲೇಟೆಸ್ಟ್‌ನ ಕಥೆ ಎಲ್ಲರಿಗೂ ಗೊತ್ತು. ಅದೇ ಹೊತ್ತಿನಲ್ಲಿ ನಡೆದ ಇನ್ನೊಂದು ಕೆಲಸಕ್ಕೆ ಅಷ್ಟು ಗಮನ ಸಿಗಲಿಲ್ಲ. ಕಂಪನಿ ತನ್ನ ಹಳೆಯ ಆವೃತ್ತಿಗಳನ್ನು ಮತ್ತೆ ಅಚ್ಚು ಹಾಕಿಸಿತು! 2012ರಲ್ಲಿ ಮೊದಲ ಆವೃತ್ತಿಯ ಮೂರು ಮೂಲ ಪುಸ್ತಕಗಳು ಬಂದವು, ಅದೇ ವರ್ಷ 3.5ರವು, 2013ರಲ್ಲಿ ಎರಡನೆಯದರವು. ಮೊದಲ ಆವೃತ್ತಿಯ ಮಾರಾಟದಲ್ಲಿ ಒಂದು ಪಾಲು ಗೈಗ್ಯಾಕ್ಸ್ ನೆನಪಿನ ನಿಧಿಗೆ ಹೋಯಿತು. 2013ರ ಜನವರಿಯಲ್ಲಿ ಹಳೆಯ ಪುಸ್ತಕಗಳ ಪಿಡಿಎಫ್ ಮಾರಾಟ ಮತ್ತೆ ಶುರುವಾಯಿತು.

ಹೊಸದನ್ನು ಮಾರಬೇಕಾದ ಕಂಪನಿ ಹಳೆಯದನ್ನು ಯಾಕೆ ಮಾರುತ್ತದೆ? ಲೆಕ್ಕದ ಪ್ರಕಾರ ನೋಡಿದರೆ ಇದು ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ ಕಾಣುತ್ತದೆ. ಆದರೆ ಅದರ ಫಲ ಬೇರೆಯೇ ಇತ್ತು. ನಿಮ್ಮ ಆವೃತ್ತಿ ಯಾವುದೇ ಇರಲಿ, ಅದು ಈ ಆಟದ ಭಾಗ, ನಾವು ಅದನ್ನು ಗೌರವಿಸುತ್ತೇವೆ ಎಂದು ಮಾತಿಗಿಂತ ಗಟ್ಟಿಯಾಗಿ ಹೇಳಿದಂತಾಯಿತು. ಪೈಝೋ ಕಡೆ ಹೋಗಿದ್ದವರು, ಎರಡನೇ ಆವೃತ್ತಿಯಲ್ಲೇ ಉಳಿದಿದ್ದವರು, ಆಟವನ್ನೇ ಬಿಟ್ಟವರು ಒಮ್ಮೆ ತಿರುಗಿ ನೋಡಿದರು. ಹೊಸದು ಇಷ್ಟವಾಗದಿದ್ದರೆ ಹಳೆಯದು ಇದ್ದೇ ಇದೆ ಎಂದು ಗೊತ್ತಾದಾಗ ಹೊಸದನ್ನು ಪ್ರಯತ್ನಿಸುವ ಧೈರ್ಯ ಬರುತ್ತದೆ. ದಾರಿ ಮುಚ್ಚಿದಾಗ ಮೊಂಡು ಹಿಡಿಯುವ ಜನ ದಾರಿ ತೆರೆದಾಗ ಸಲೀಸಾಗಿ ನಡೆಯುತ್ತಾರೆ.

2014ರ ಜುಲೈನಲ್ಲಿ ಮೂಲ ನಿಯಮಗಳ ಉಚಿತ ಪಿಡಿಎಫ್ ಮತ್ತು ಸ್ಟಾರ್ಟರ್ ಸೆಟ್ ಬಂದವು. ಆಗಸ್ಟ್‌ನಲ್ಲಿ ಪ್ಲೇಯರ್ಸ್ ಹ್ಯಾಂಡ್‌ಬುಕ್, ಸೆಪ್ಟೆಂಬರ್‌ನಲ್ಲಿ ಮಾನ್‌ಸ್ಟರ್ ಮ್ಯಾನುಯಲ್, ಡಿಸೆಂಬರ್‌ನಲ್ಲಿ ಡಂಜನ್ ಮಾಸ್ಟರ್ಸ್ ಗೈಡ್. ಒಂದೇ ದಿನ ಮೂರು ಪುಸ್ತಕಕ್ಕೆ ದುಡ್ಡು ಹಾಕಬೇಕಾದ ಒತ್ತಡ ಇರಲಿಲ್ಲ. ಉಚಿತ ನಿಯಮ ಇದ್ದದ್ದರಿಂದ ಗುಂಪಿನಲ್ಲಿ ಒಪ್ಪದ ಒಬ್ಬರು ಕೂಡ ಖರ್ಚಿಲ್ಲದೆ ಒಂದು ಸಂಜೆ ಆಡಿ ನೋಡಬಹುದಿತ್ತು. ಗುಂಪು ಒಪ್ಪಬೇಕಾದ ಆಟದಲ್ಲಿ ಇದು ದೊಡ್ಡ ವಿಷಯ.

ಪ್ಲೇಟೆಸ್ಟ್ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಈಗ ಎಲ್ಲ ಕಂಪನಿಗಳೂ ಅದನ್ನು ಪ್ರಚಾರದ ಭಾಗವಾಗಿ ನೋಡುತ್ತಿವೆ. ತಪ್ಪೇನಿಲ್ಲ. ತಾನು ಅಭಿಪ್ರಾಯ ಕೊಟ್ಟ ಆಟದ ಮೇಲೆ ಆಟಗಾರನಿಗೆ ತನ್ನದು ಎಂಬ ಭಾವ ಬರುತ್ತದೆ. ಆದರೆ ಎಲ್ಲ ತೀರ್ಮಾನ ಮೊದಲೇ ಆಗಿ, ಸುಮ್ನೆ ಕೇಳಿದಂತೆ ಮಾಡಿದರೆ ಅದು ಬೇಗ ಗೊತ್ತಾಗುತ್ತದೆ. ಯಾವ ಸಲಹೆಯಿಂದ ಏನು ಬದಲಾಯಿತು, ಯಾವುದನ್ನು ಯಾಕೆ ಒಪ್ಪಲಿಲ್ಲ ಎಂದು ಮುಂದಿನ ಕರಡಿನ ಜೊತೆ ಬರೆದು ತಿಳಿಸುವ ಕಂಪನಿಗೆ ಮಾತ್ರ ಪ್ಲೇಟೆಸ್ಟ್‌ನಿಂದ ನಂಬಿಕೆ ಹುಟ್ಟುತ್ತದೆ.

ಬಣ್ಣ ಬಳಿದ ಸೈನ್ಯದ ಪ್ರಶ್ನೆ

ಪುಸ್ತಕದ ಆಟಗಳಿಗಿಂತ ಮಿನಿಯೇಚರ್ ಆಟಗಳಲ್ಲಿ ಈ ನೋವು ಜಾಸ್ತಿ. ಅಲ್ಲಿ ಆಟಗಾರರು ಪುಟ್ಟ ಗೊಂಬೆಗಳನ್ನು ಕೊಂಡು, ಅಂಟಿಸಿ, ಒಂದೊಂದಕ್ಕೂ ಗಂಟೆಗಟ್ಟಲೆ ಬಣ್ಣ ಬಳಿದು ಸೈನ್ಯ ಕಟ್ಟುತ್ತಾರೆ. ಆ ಸೈನ್ಯ ಇನ್ನು ನಡೆಯುವುದಿಲ್ಲ ಎಂದರೆ ದುಡ್ಡಿನ ಜೊತೆ ಆ ಸಮಯವೂ ಹೋದಂತೆ.

ಗೇಮ್ಸ್ ವರ್ಕ್‌ಶಾಪ್ ಕಂಪನಿ 2015ರ ಜುಲೈನಲ್ಲಿ ‘ವಾರ್‌ಹ್ಯಾಮರ್ ಫ್ಯಾಂಟಸಿ’ಯನ್ನು ನಿಲ್ಲಿಸಿ ‘ಏಜ್ ಆಫ್ ಸಿಗ್ಮಾರ್’ ತಂದಿತು. ಗಮನಿಸಬೇಕಾದ ವಿಷಯ ಏನೆಂದರೆ, ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ನಿಯಮಗಳು ಉಚಿತ, ಬರೀ ನಾಲ್ಕು ಪುಟ. ಹಳೆಯ ಗೊಂಬೆಗಳಿಗೆ ಬೇಕಾದ ನಿಯಮ ಹಾಳೆಗಳೂ ಉಚಿತ. ಅಂದರೆ ಹಳೆಯ ಸೈನ್ಯವನ್ನು ಆಡಿಸಬಹುದಿತ್ತು. ಆದರೂ ಜನ ಸಿಟ್ಟಾದರು. ಒಬ್ಬರು ತಮ್ಮ ಸೈನ್ಯವನ್ನೇ ಸುಟ್ಟು ವಿಡಿಯೊ ಹಾಕಿದರು.

ಯಾಕೆ? ಆ ಸೈನ್ಯ ಸೇರಿದ್ದ ಜಗತ್ತನ್ನೇ ಕಥೆಯಲ್ಲಿ ನಾಶ ಮಾಡಲಾಗಿತ್ತು. ಎರಡು ಸೈನ್ಯಗಳನ್ನು ಸಮಬಲ ಮಾಡುವ ಅಂಕಗಳ ಪದ್ಧತಿಯನ್ನು ಪೂರ್ತಿ ಕೈಬಿಟ್ಟಿದ್ದರು. ಹಳೆಯ ಗೊಂಬೆಗಳಿಗೆ ಕೊಟ್ಟ ಉಚಿತ ಹಾಳೆಗಳಲ್ಲಿ ಅಲ್ಲಲ್ಲಿ ತಮಾಷೆ ನಿಯಮಗಳಿದ್ದವು. ಎದುರಾಳಿಗಿಂತ ನಿಮ್ಮ ಮೀಸೆ ದೊಡ್ಡದಿದ್ದರೆ ದಾಳ ಮತ್ತೆ ಎಸೆಯಿರಿ ಎನ್ನುವಂಥವು. ಬರೆದವರು ಪ್ರೀತಿಯಿಂದಲೇ ಬರೆದಿರಬಹುದು. ಆದರೆ ತಮ್ಮ ಜಗತ್ತು ಮುಗಿದ ದುಃಖದಲ್ಲಿದ್ದವರಿಗೆ ಅದು ಅಣಕದಂತೆ ಕೇಳಿಸಿತು. ಗೊಂಬೆ ಉಳಿಯಿತು, ಅದಕ್ಕೆ ಇದ್ದ ಅರ್ಥ ಹೋಯಿತು. ‘ನನ್ನದಕ್ಕೆ ಏನಾಗುತ್ತದೆ’ ಎಂಬ ಪ್ರಶ್ನೆಯಲ್ಲಿ ವಸ್ತುವಿನ ಜೊತೆ ಕಥೆಯೂ ಸೇರಿದೆ ಎಂದು ಇಲ್ಲಿ ತಿಳಿಯುತ್ತದೆ.

ಕಂಪನಿ ಇದರಿಂದ ಕಲಿಯಿತು. 2016ರಲ್ಲಿ ‘ಜನರಲ್ಸ್ ಹ್ಯಾಂಡ್‌ಬುಕ್’ ತಂದು ಅಂಕಗಳನ್ನು ವಾಪಸ್ ಕೊಟ್ಟಿತು. ಆಟ ಚೇತರಿಸಿಕೊಂಡು ಇವತ್ತು ಗಟ್ಟಿಯಾಗಿ ನಿಂತಿದೆ. 2019ರ ನವೆಂಬರ್‌ನಲ್ಲಿ ಹಳೆಯ ಜಗತ್ತನ್ನು ಮತ್ತೆ ತರುತ್ತೇವೆ ಎಂದು ಘೋಷಿಸಿ, 2024ರ ಜನವರಿಯಲ್ಲಿ ‘ದಿ ಓಲ್ಡ್ ವರ್ಲ್ಡ್’ ಬಿಡುಗಡೆ ಮಾಡಿತು. ಚೌಕದ ತಳದ ಮೇಲೆ ನಿಂತಿದ್ದ ಎಷ್ಟೋ ಹಳೆಯ ಸೈನ್ಯಗಳು ಮತ್ತೆ ಮೇಜಿಗೆ ಬಂದವು.

ಇದೇ ಕಂಪನಿ 2017ರಲ್ಲಿ ‘ವಾರ್‌ಹ್ಯಾಮರ್ 40,000’ದ ಎಂಟನೇ ಆವೃತ್ತಿ ತಂದಾಗ ಧಾಟಿ ಪೂರ್ತಿ ಬದಲಾಗಿತ್ತು. ನಿಮ್ಮ ಸೈನ್ಯ ಆಡುತ್ತದೆ ಎಂಬ ಮಾತು ಮೊದಲ ದಿನದಿಂದಲೇ ಬಂತು. ಆಟದ ಎಲ್ಲ ಬಣಗಳ ನಿಯಮಗಳೂ ಐದು ಇಂಡೆಕ್ಸ್ ಪುಸ್ತಕಗಳಲ್ಲಿ ಆವೃತ್ತಿಯ ಜೊತೆಗೇ ಸಿಕ್ಕವು. ಕಥೆ ಮುಂದೆ ಹೋಯಿತು, ಆದರೆ ಜಗತ್ತು ಉಳಿಯಿತು.

ಆದರೂ ಅಲ್ಲಿ ಬಗೆಹರಿಯದ ಒಂದು ತಕರಾರು ಇದೆ, ಅದು ನ್ಯಾಯವಾದ ತಕರಾರು. ಎಂಟನೆಯದು 2017ರಲ್ಲಿ, ಒಂಬತ್ತನೆಯದು 2020ರಲ್ಲಿ, ಹತ್ತನೆಯದು 2023ರಲ್ಲಿ. ಮೂರು ವರ್ಷಕ್ಕೊಮ್ಮೆ ಹೊಸದು ಬರುತ್ತದೆ ಎಂದು ಈಗ ಎಲ್ಲರಿಗೂ ಗೊತ್ತು. ಒಂದು ಆವೃತ್ತಿಯ ಕೊನೆಯಲ್ಲಿ ಬರುವ ಬಣದ ಪುಸ್ತಕಕ್ಕೆ ಆಯುಷ್ಯವೇ ಇರುವುದಿಲ್ಲ. ‘ವರ್ಲ್ಡ್ ಈಟರ್ಸ್’ ಬಣದ ಕೋಡೆಕ್ಸ್, ಅಂದರೆ ಆ ಬಣದ ನಿಯಮ ಪುಸ್ತಕ, 2023ರ ಫೆಬ್ರವರಿಯಲ್ಲಿ ಬಂತು. ಮಾರ್ಚ್‌ನಲ್ಲಿ ಹತ್ತನೇ ಆವೃತ್ತಿಯ ಘೋಷಣೆ, ಜೂನ್‌ನಲ್ಲಿ ಬಿಡುಗಡೆ. ಆ ಬಣದ ಅಭಿಮಾನಿಗಳು ಬಹಳ ವರ್ಷ ಕಾದಿದ್ದ ಪುಸ್ತಕದ ನಿಯಮಗಳು ಕೆಲವೇ ತಿಂಗಳಲ್ಲಿ ಹಳತಾದವು. ಹೊಸ ನಿಯಮ ಹಾಳೆಗಳನ್ನು ಉಚಿತವಾಗಿ ಕೊಟ್ಟರು, ನಿಜ. ಆದರೆ ಪುಸ್ತಕಕ್ಕೆ ಕೊಟ್ಟ ದುಡ್ಡಿನ ಮಾತು ಹಾಗೇ ಉಳಿಯಿತು. ಇಂಥ ಪುಸ್ತಕ ಮಾರುವಾಗಲೇ ಮುಂದಿನ ಆವೃತ್ತಿ ಹತ್ತಿರದಲ್ಲಿದೆ ಎಂದು ಕಂಪನಿಗೆ ಖಂಡಿತ ಗೊತ್ತಿರುತ್ತದೆ, ಅಲ್ವಾ? ಕೊನೆಯ ವರ್ಷದ ಪುಸ್ತಕ ಕೊಂಡವರಿಗೆ ಮುಂದಿನ ಆವೃತ್ತಿಯ ಅದೇ ಪುಸ್ತಕದಲ್ಲಿ ರಿಯಾಯಿತಿ ಕೊಡುವುದು ಕಷ್ಟದ ಕೆಲಸ ಏನಲ್ಲ.

ಫ್ಯಾಂಟಸಿ ಫ್ಲೈಟ್ ಗೇಮ್ಸ್ 2018ರಲ್ಲಿ ಎಕ್ಸ್-ವಿಂಗ್ ಎಂಬ ಬಾಹ್ಯಾಕಾಶ ಯುದ್ಧದ ಆಟದ ಎರಡನೇ ಆವೃತ್ತಿಯಲ್ಲಿ ಇನ್ನೊಂದು ದಾರಿ ಹಿಡಿಯಿತು. ನೌಕೆಗಳ ಮಾದರಿಗಳು ಅವೇ. ಕಾರ್ಡು, ಡಯಲ್, ಟೋಕನ್ ಮಾತ್ರ ಹೊಸವು. ಹಳೆಯ ನೌಕೆಗಳನ್ನು ಹೊಸ ನಿಯಮಕ್ಕೆ ಬದಲಿಸಿಕೊಳ್ಳಲು ಬಣಕ್ಕೊಂದರಂತೆ ಕನ್ವರ್ಷನ್ ಕಿಟ್‌ಗಳು ಮಾರಾಟಕ್ಕೆ ಬಂದವು. ಆಲೋಚನೆ ಒಳ್ಳೆಯದು. ಆದರೆ ಅದರಲ್ಲೂ ಒಂದು ಗಂಟು ಇತ್ತು. ಒಂದೇ ಬಗೆಯ ನೌಕೆಗಳನ್ನು ಜಾಸ್ತಿ ಕೊಂಡಿದ್ದವರಿಗೆ, ಎಲ್ಲ ಬಣಗಳನ್ನೂ ಇಟ್ಟುಕೊಂಡಿದ್ದವರಿಗೆ, ಅಂದರೆ ಆಟವನ್ನು ಹೆಚ್ಚು ಪ್ರೀತಿಸಿದವರಿಗೇ ಖರ್ಚು ಹೆಚ್ಚಾಯಿತು. ಒಂದೇ ನೌಕೆ ಇದ್ದವರಿಗೂ ಇಡೀ ಕಿಟ್ ಕೊಳ್ಳದೆ ದಾರಿ ಇರಲಿಲ್ಲ. ಕನ್ವರ್ಷನ್ ಕಿಟ್ ಮಾಡುವ ಕಂಪನಿ ಮೊದಲು ನೋಡಬೇಕಾದದ್ದು ಜನರ ಸಂಗ್ರಹ ನಿಜವಾಗಿ ಹೇಗಿದೆ ಎಂಬುದನ್ನು.

ಇದಕ್ಕೆ ಹೋಲಿಸಿದರೆ ‘ಕಾಲ್ ಆಫ್ ಕ್ತುಲ್ಹು’ ಎಂಬ ಭಯಾನಕ ಕಥೆಗಳ ಪುಸ್ತಕದ ಆಟ ಎಷ್ಟು ನೆಮ್ಮದಿಯದು! 1981ರಿಂದ ಏಳು ಆವೃತ್ತಿ ಬಂದಿವೆ. ಏಳನೆಯದರಲ್ಲಿ ಪಾತ್ರದ ಮೂಲ ಗುಣಗಳ ಅಂಕಗಳನ್ನು ಶೇಕಡಾ ಲೆಕ್ಕಕ್ಕೆ ತಂದರು. ಹಳೆಯ ಅಂಕವನ್ನು ಐದರಿಂದ ಗುಣಿಸಿದರೆ ಹೆಚ್ಚು ಕಡಿಮೆ ಕೆಲಸ ಮುಗಿಯಿತು. ದಶಕಗಳ ಹಿಂದಿನ ಕಥಾ ಪುಸ್ತಕ ಇವತ್ತೂ ನಡೆಯುತ್ತದೆ.

ಆವೃತ್ತಿ ಎಂದು ಕರೆಯದ ಆವೃತ್ತಿ

ಇತ್ತೀಚಿನ ವರ್ಷಗಳ ಹೊಸ ಚಾಲಿ ಏನೆಂದರೆ, ಆವೃತ್ತಿಗೆ ಸಂಖ್ಯೆಯನ್ನೇ ಕೊಡದಿರುವುದು. 2022ರ ಆಗಸ್ಟ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮುಂದಿನ ರೂಪವನ್ನು ‘ಒನ್ ಡಿ ಅಂಡ್ ಡಿ’ ಎಂಬ ಹೆಸರಿನಲ್ಲಿ ಘೋಷಿಸಿದಾಗ, ಇದು ಆರನೆಯದಲ್ಲ, ಐದನೆಯದೇ ಬೆಳೆದ ರೂಪ, ಹಳೆಯ ಪುಸ್ತಕಗಳ ಜೊತೆ ಹೊಂದುತ್ತದೆ ಎಂದರು. 2024ರ ಸೆಪ್ಟೆಂಬರ್‌ನಲ್ಲಿ ಪ್ಲೇಯರ್ಸ್ ಹ್ಯಾಂಡ್‌ಬುಕ್, ನವೆಂಬರ್‌ನಲ್ಲಿ ಡಂಜನ್ ಮಾಸ್ಟರ್ಸ್ ಗೈಡ್, 2025ರ ಫೆಬ್ರವರಿಯಲ್ಲಿ ಮಾನ್‌ಸ್ಟರ್ ಮ್ಯಾನುಯಲ್ ಬಂದವು.

ಇದರ ಹಿಂದಿನ ಭಯ ನನಗೆ ಅರ್ಥವಾಗುತ್ತದೆ. ಹೊಸ ಸಂಖ್ಯೆ ಕಂಡ ಕೂಡಲೇ ಜನ ಹಳೆಯದನ್ನು ಕೊಳ್ಳುವುದನ್ನು ನಿಲ್ಲಿಸುತ್ತಾರೆ. ಘೋಷಣೆಗೂ ಬಿಡುಗಡೆಗೂ ನಡುವೆ ಎರಡು ವರ್ಷ ಇದ್ದರೆ ಆ ಎರಡು ವರ್ಷ ಅಂಗಡಿಯಲ್ಲಿ ಏನು ಮಾರಬೇಕು? ಸ್ಟಾಕ್ ತುಂಬಿಸಿಕೊಂಡ ಅಂಗಡಿಯವರ ಗತಿ ಏನು? ಹೊಂದುತ್ತದೆ ಎಂಬ ಒಂದು ಮಾತು ಈ ಎಲ್ಲ ಆತಂಕವನ್ನು ತಗ್ಗಿಸುತ್ತದೆ. ಬಿಡುಗಡೆಯ ನಂತರ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ತಮ್ಮ ಇತಿಹಾಸದಲ್ಲೇ ವೇಗವಾಗಿ ಮಾರಿದ ಡಿ ಅಂಡ್ ಡಿ ಪುಸ್ತಕ ಎಂದು ಕಂಪನಿ ಹೇಳಿಕೊಂಡಿತು.

ಆದರೆ ಮೇಜಿನ ಮೇಲೆ ತೊಂದರೆ ಬೇರೆ. ಈಗ ಒಂದೇ ಹೆಸರಿನ ಎರಡು ಪುಸ್ತಕಗಳಿವೆ. ಒಂದೇ ಹೆಸರಿನ ಮಂತ್ರ ಎರಡರಲ್ಲೂ ಇದೆ, ಪರಿಣಾಮ ಬೇರೆ ಬೇರೆ. ಹೊಂದುತ್ತದೆ ಎಂದರೆ ಹಳೆಯ ಸಾಹಸ ಕಥೆಯನ್ನು ಹೊಸ ಪಾತ್ರಗಳೊಂದಿಗೆ ಆಡಬಹುದು ಎಂದೋ, ಒಂದೇ ಗುಂಪಿನಲ್ಲಿ ಎರಡೂ ಬಗೆಯ ಪಾತ್ರಗಳು ಇರಬಹುದು ಎಂದೋ, ಒಂದೇ ಪಾತ್ರದಲ್ಲಿ ಎರಡನ್ನೂ ಬೆರೆಸಬಹುದು ಎಂದೋ? ಈ ಮೂರಕ್ಕೂ ಉತ್ತರ ಒಂದೇ ಅಲ್ಲ. ಮಾರುವವರು ಬಿಡಿಸಿ ಹೇಳದೆ ಬಿಟ್ಟ ಕೆಲಸ ಕೊನೆಗೆ ಆಟ ನಡೆಸುವವರ ತಲೆಗೆ ಬರುತ್ತದೆ. 2010ರಲ್ಲಿ ನಾಲ್ಕನೆಯದರ ‘ಎಸೆನ್ಶಿಯಲ್ಸ್’ ಪುಸ್ತಕಗಳು ಬಂದಾಗಲೂ ಇದೇ ಗೊಂದಲ ಆಗಿತ್ತು. ಇದು ಹೊಸ ಆವೃತ್ತಿಯೋ, ಹಳೆಯದಕ್ಕೆ ಸೇರ್ಪಡೆಯೋ ಎಂದು ಜನ ವಾದ ಮಾಡುತ್ತಲೇ ಇದ್ದರು.

ಸಂಖ್ಯೆ ಕೊಟ್ಟರೆ ಹೆದರುತ್ತಾರೆ, ಕೊಡದಿದ್ದರೆ ಗೊಂದಲ. ನನ್ನ ಮಟ್ಟಿಗೆ ಗೊಂದಲಕ್ಕಿಂತ ಹೆದರಿಕೆ ಮೇಲು. ಹೆದರಿಕೆಯನ್ನು ಒಂದು ಸ್ಪಷ್ಟ ಮಾತಿನಿಂದ ಕಳೆಯಬಹುದು, ಗೊಂದಲ ಮಾತ್ರ ಆ ಆವೃತ್ತಿ ಇರುವಷ್ಟು ದಿನವೂ ಇರುತ್ತದೆ. ಪೈಝೋ 2023ರಲ್ಲಿ ಪಾತ್‌ಫೈಂಡರ್ ಎರಡನೇ ಆವೃತ್ತಿಯನ್ನು ‘ರೀಮಾಸ್ಟರ್’ ಮಾಡಿದಾಗಲೂ ಇದು ಹೊಸ ಆವೃತ್ತಿ ಅಲ್ಲ ಎಂದೇ ಹೇಳಿತು. ಅಲ್ಲಿ ಆತಂಕ ಕಡಿಮೆ ಇದ್ದದ್ದಕ್ಕೆ ಒಂದು ಗಟ್ಟಿ ಕಾರಣ ಇತ್ತು. ಆ ಆಟದ ನಿಯಮಗಳೆಲ್ಲ ‘ಆರ್ಕೈವ್ಸ್ ಆಫ್ ನೆಥಿಸ್’ ತಾಣದಲ್ಲಿ ಕಂಪನಿಯ ಒಪ್ಪಿಗೆಯಿಂದಲೇ ಉಚಿತವಾಗಿ ಸಿಗುತ್ತವೆ. ಬದಲಾದ ನಿಯಮ ನೋಡಲು ಯಾರೂ ಪುಸ್ತಕ ಕೊಳ್ಳಬೇಕಾಗಿರಲಿಲ್ಲ.

ಮುಟ್ಟಬಾರದ್ದನ್ನು ಮುಟ್ಟಿದಾಗ

ಆ ರೀಮಾಸ್ಟರ್‌ಗೆ ಕಾರಣವಾದ ಘಟನೆ 2023ರ ಜನವರಿಯದು. ಹೊಸ ರೂಪದ ತಯಾರಿ ನಡೆದಿರುವಾಗಲೇ, 2000ದ ಮುಕ್ತ ಲೈಸೆನ್ಸ್ ಅನ್ನು ರದ್ದು ಮಾಡಿ ಬಿಗಿಯಾದ ಹೊಸದನ್ನು ತರುವ ವಿಝರ್ಡ್ಸ್‌ನ ಕರಡು ಸೋರಿ ಹೊರಬಂತು. ಸಣ್ಣ ಪ್ರಕಾಶಕರ ಬದುಕು ಆ ಲೈಸೆನ್ಸ್ ಮೇಲೆ ನಿಂತಿತ್ತು. ಆಟಗಾರರು ಡಿ ಅಂಡ್ ಡಿ ಬಿಯಾಂಡ್ ಎಂಬ ಡಿಜಿಟಲ್ ಸೇವೆಯ ಚಂದಾ ರದ್ದು ಮಾಡತೊಡಗಿದರು. ವಿಝರ್ಡ್ಸ್‌ನ ಮಾಲೀಕ ಕಂಪನಿ ಹ್ಯಾಸ್ಬ್ರೋ ಹಿಂದಿನ ವರ್ಷವಷ್ಟೇ 14.63 ಕೋಟಿ ಡಾಲರ್ ಕೊಟ್ಟು ಕೊಂಡಿದ್ದ ಸೇವೆ ಅದು. ಕಂಪನಿ ಸಮೀಕ್ಷೆ ನಡೆಸಿದಾಗ 15,000ಕ್ಕೂ ಹೆಚ್ಚು ಜನ ಉತ್ತರಿಸಿದರು. ಹಳೆಯ ಲೈಸೆನ್ಸ್ ರದ್ದತಿಗೆ ಶೇಕಡಾ 89 ಮಂದಿ ಅಸಮಾಧಾನ ಹೇಳಿದರು. ಜನವರಿ 27ರಂದು ಕಂಪನಿ ಹಿಂದೆ ಸರಿದು, ಐದನೆಯದರ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಟ್ಟುಕೊಟ್ಟಿತು. ಅದನ್ನು ಇನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಆಮೇಲೆ, 2025ರ ಏಪ್ರಿಲ್‌ನಲ್ಲಿ, ಹೊಸ ರೂಪದ ಮೂಲ ನಿಯಮಗಳನ್ನೂ ಹಾಗೇ ಬಿಡುಗಡೆ ಮಾಡಿತು. ಒಳ್ಳೆಯ ಹೆಜ್ಜೆ, ಮನಸಾರೆ ಮೆಚ್ಚುತ್ತೇನೆ.

ಈಗ ಉಳಿದಿರುವ ದೊಡ್ಡ ಪ್ರಶ್ನೆ ಡಿಜಿಟಲ್‌ನದು. ಹಳೆಯ ಪುಸ್ತಕ ಹಾಳಾಗುವುದಿಲ್ಲ ಎಂಬ ಮಾತು ಅಚ್ಚಾದ ಪುಸ್ತಕಕ್ಕೆ ನಿಜ. ಆ್ಯಪ್ ಒಳಗಿನ ಪುಸ್ತಕಕ್ಕೆ ನಿಜ ಅಲ್ಲ. 2024ರ ಆಗಸ್ಟ್‌ನಲ್ಲಿ ಇದು ಎಲ್ಲರ ಅನುಭವಕ್ಕೆ ಬಂತು. ಬಿಯಾಂಡ್‌ನಲ್ಲಿ ಆಟಗಾರರ ಪಾತ್ರಗಳ ಹಾಳೆಯಲ್ಲಿರುವ 2014ರ ಮಂತ್ರ ಮತ್ತು ಮಾಂತ್ರಿಕ ವಸ್ತುಗಳ ಜಾಗಕ್ಕೆ 2024ರವು ಬರುತ್ತವೆ, ಹಳೆಯವು ಬೇಕಿದ್ದರೆ ನೀವೇ ಕೈಯಿಂದ ಸೇರಿಸಿಕೊಳ್ಳಿ ಎಂದು ಪ್ರಕಟಣೆ ಬಂತು. ದುಡ್ಡು ಕೊಟ್ಟು ಕೊಂಡ ನಿಯಮಗಳು, ನಡೆಯುತ್ತಿರುವ ಆಟದ ಮಧ್ಯದಲ್ಲಿ, ಕೇಳದೆ ಬದಲಾಗುತ್ತವೆ ಎಂದಾಯಿತು. ಪ್ರತಿಭಟನೆ ಎದ್ದು, ಕೆಲವೇ ದಿನಗಳಲ್ಲಿ ಕಂಪನಿ ತೀರ್ಮಾನ ಬದಲಿಸಿತು. ಹಳೆಯವನ್ನು ಉಳಿಸಿ, ಗುರುತು ಸಿಗುವಂತೆ ಅವಕ್ಕೆ ‘ಲೆಗಸಿ’ ಎಂಬ ಚೀಟಿ ಅಂಟಿಸಿದರು.

ಪುಸ್ತಕ ಪ್ರಕಾಶಕರು ಹಿಂದೆಂದೂ ಮನೆಗೆ ನುಗ್ಗಿ ಕಪಾಟಿನ ಪುಟ ಬದಲಿಸುವಂತಿರಲಿಲ್ಲ. ಈಗ ಅದು ಒಂದು ಅಪ್‌ಡೇಟ್‌ನಷ್ಟು ಸುಲಭ. ಆದ್ದರಿಂದ ಮುಂದಿನ ಯಾವುದೇ ಆಟದ ಹೊಸ ಆವೃತ್ತಿ ಘೋಷಣೆಯಾದಾಗ, ಆ ಪ್ರಕಟಣೆಯಲ್ಲಿ ನಾನು ಹುಡುಕುವುದು ಹೊಸ ಚಿತ್ರಗಳನ್ನಲ್ಲ. ನಾನು ಕೊಂಡ ಡಿಜಿಟಲ್ ಪುಸ್ತಕ ಹಾಗೇ ಉಳಿಯುತ್ತದೆಯೇ, ಎಷ್ಟು ವರ್ಷ ಉಳಿಯುತ್ತದೆ, ಪಿಡಿಎಫ್ ಆಗಿ ನನ್ನ ಬಳಿ ಇಟ್ಟುಕೊಳ್ಳಬಹುದೇ, ಅರ್ಧ ನಡೆದಿರುವ ಕ್ಯಾಂಪೇನ್ (ಹಲವು ಸಂಜೆ ಮುಂದುವರಿಯುವ ಆಟದ ಕಥೆ) ಹಳೆಯ ನಿಯಮದಲ್ಲೇ ಮುಗಿಸಲು ಬರುತ್ತದೆಯೇ ಎಂಬ ಮಾತುಗಳನ್ನು. ಇವನ್ನು ತಾರೀಖಿನ ಸಮೇತ ಮೊದಲ ದಿನವೇ ಬರೆದು ಕೊಡುವ ಕಂಪನಿಗೆ ನಮ್ಮ ಗುಂಪು ಹೊಸ ಪುಸ್ತಕದ ದುಡ್ಡನ್ನು ಮುಂಗಡವಾಗಿಯೇ ಕೊಡುತ್ತದೆ.